ಇಂಗ್ಲಿಷಿನ ಸಮೀಪಾರ್ಥಕ ಪದಗಳು

ಅರ್ಥದಲ್ಲಿ ಬಹಳ ಹತ್ತಿರವಿದ್ದರೂ ಒಂದರ ಜಾಗದಲ್ಲಿ ಇನ್ನೊಂದು ಎಲ್ಲ ಕಡೆಯೂ ಸಲ್ಲದ ಪದಗಳನ್ನು ಸಮೀಪಾರ್ಥಕಗಳು ಎನ್ನುತ್ತಾರೆ. ಇಂಗ್ಲಿಷಿನ ‘ಸೇ’ ಮತ್ತು ‘ಟೆಲ್’, ‘ರಾಬ್’ ಮತ್ತು ‘ಸ್ಟೀಲ್’, ‘ಎನ್ವಿ’ ಮತ್ತು ‘ಜೆಲಸಿ’, ‘ಹೈ’ ಮತ್ತು ‘ಟಾಲ್’ ಇಂಥ ಜೋಡಿಗಳು. ಶಾಲೆಯ ವ್ಯಾಕರಣ ಪುಸ್ತಕಗಳು ಇವನ್ನು ಸಮಾನಾರ್ಥಕಗಳೆಂಬ ತಲೆಬರಹದಡಿ ಒಂದೇ ಸಾಲಿನಲ್ಲಿ ಕೊಡುವುದುಂಟು. ಅದರಿಂದ ಪದದ ಪರಿಚಯವಾಗುತ್ತದೆ, ಬಳಕೆ ತಿಳಿಯುವುದಿಲ್ಲ. ಮಾತು ಯಾರ ಕಡೆಯಿಂದ ಹೊರಡುತ್ತದೆ, ವಾಕ್ಯದಲ್ಲಿ ಪದದ ಹಿಂದೆ ಮುಂದೆ ಏನು ಬರುತ್ತದೆ, ಆಡುವವರ ಧೋರಣೆ ಏನು, ಸಂದರ್ಭ ಯಾವುದು ಎಂಬ ಕೆಲವೇ ಪ್ರಶ್ನೆಗಳನ್ನು ಹಾಕಿದರೆ ಬಹುಪಾಲು ಜೋಡಿಗಳು ಬಿಡಿಸಿಕೊಳ್ಳುತ್ತವೆ. ಜೋಡಿಗಳನ್ನು ಒಂದೊಂದಾಗಿ ಉರುಹೊಡೆಯುವುದಕ್ಕಿಂತ ಈ ಪ್ರಶ್ನೆಗಳನ್ನು ರೂಢಿಸಿಕೊಳ್ಳುವುದು ಹೆಚ್ಚು ಫಲಕಾರಿ.

‘ಅಫೆಕ್ಟ್’ ಮತ್ತು ‘ಇಫೆಕ್ಟ್’ ಮುಂತಾದವುಗಳ ಗೊಂದಲ ಮುಖ್ಯವಾಗಿ ಉಚ್ಚಾರಣೆ ಹಾಗೂ ಕಾಗುಣಿತದ ಹೋಲಿಕೆಯಿಂದ ಬಂದದ್ದು. ಅದು ಬೇರೆ ವರ್ಗಕ್ಕೆ ಸೇರುತ್ತದೆ. ಈ ಲೇಖನದ ವಿಷಯ ಅರ್ಥದ ಹೋಲಿಕೆಯಿಂದ ಹುಟ್ಟುವ ಗೊಂದಲ.

ಪದಗಳು ಹೆಚ್ಚಿದ ಬಗೆ

ಇಂಗ್ಲಿಷಿನಲ್ಲಿ ಸಮೀಪಾರ್ಥಕಗಳು ಇಷ್ಟೊಂದು ಇರುವುದಕ್ಕೆ ಅದರ ಚರಿತ್ರೆಯೇ ಕಾರಣ. 5ನೇ ಶತಮಾನದಿಂದ ಬ್ರಿಟನ್ನಿಗೆ ಬಂದು ನೆಲೆಸಿದ ಜರ್ಮ್ಯಾನಿಕ್ ಬುಡಕಟ್ಟುಗಳ ನುಡಿ ಅದರ ತಳಹದಿ. 8ನೇ ಶತಮಾನದ ಕೊನೆಯಿಂದ ದಾಳಿಯಿಟ್ಟ, ಆಮೇಲೆ ಅಲ್ಲೇ ನೆಲೆನಿಂತ ವೈಕಿಂಗರ ನುಡಿಯಿಂದ ಇನ್ನೊಂದು ಪದರ ಸೇರಿತು. ‘ಶರ್ಟ್’ ಸ್ಥಳೀಯ ಪದ, ‘ಸ್ಕರ್ಟ್’ ವೈಕಿಂಗರಿಂದ ಬಂದದ್ದು. ಎರಡರ ಮೂಲ ಒಂದೇ, ಈಗ ಎರಡು ಬೇರೆ ಉಡುಪುಗಳ ಹೆಸರು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯ, ಶ್ರೀಮಂತರ ಅಡುಗೆಮನೆಗಳಲ್ಲಿ ಫ್ರೆಂಚ್ ಮೇಲುಗೈ ಪಡೆಯಿತು. ನ್ಯಾಯಾಲಯದ ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಶಾಸನ ಬಂದದ್ದು 1362ರಲ್ಲಿ. ಕೊಟ್ಟಿಗೆಯಲ್ಲಿರುವ ಪ್ರಾಣಿ ‘ಶೀಪ್’, ತಟ್ಟೆಯಲ್ಲಿರುವ ಮಾಂಸ ‘ಮಟನ್’ ಎಂಬ ಭೇದ ಆ ಕಾಲದ ಕೊಡುಗೆ. ವಾಲ್ಟರ್ ಸ್ಕಾಟ್ ‘ಐವನ್‌ಹೋ’ ಕಾದಂಬರಿಯ ಆರಂಭದಲ್ಲೇ ಇದನ್ನು ಚರ್ಚೆಗೆ ತಂದಿದ್ದಾನೆ. ನವೋದಯ ಕಾಲದ ವಿದ್ವಾಂಸರು ಲ್ಯಾಟಿನ್ನಿನಿಂದ ನೇರವಾಗಿ ಪದಗಳನ್ನು ತಂದಾಗ ಹಲವು ಅರ್ಥಗಳಿಗೆ ಮೂರು ಮೂರು ಪದಗಳಾದವು. ‘ಆಸ್ಕ್’ ಸ್ಥಳೀಯ, ‘ಕ್ವೆಶ್ಚನ್’ ಫ್ರೆಂಚ್, ‘ಇಂಟರಾಗೇಟ್’ ಲ್ಯಾಟಿನ್. ಮೊದಲನೆಯದು ಯಾರನ್ನಾದರೂ ಏನನ್ನಾದರೂ ಕೇಳುವುದು, ಎರಡನೆಯದು ಪ್ರಶ್ನಿಸುವುದು, ಮೂರನೆಯದು ಪೊಲೀಸರ ವಿಚಾರಣೆಯಂತೆ ಪಟ್ಟುಹಿಡಿದು ಕೆದಕುವುದು. ‘ಕಿಂಗ್ಲಿ’, ‘ರಾಯಲ್’, ‘ರೀಗಲ್’ ಪದಗಳದೂ ಇದೇ ಮೂರು ಪದರಗಳ ಕಥೆ.

ಕನ್ನಡ ಓದುಗರಿಗೆ ಈ ಏರ್ಪಾಡು ಹೊಸದಲ್ಲ. ಮನೆ ಮತ್ತು ಗೃಹ, ಊಟ ಮತ್ತು ಭೋಜನ, ಹಾಲು ಮತ್ತು ಕ್ಷೀರ ಜೊತೆಯಲ್ಲಿ ಬದುಕಿರುವ ನುಡಿ ನಮ್ಮದು. ಮನೆಗೆ ಬನ್ನಿ ಎಂದು ಕರೆಯುತ್ತೇವೆ, ಆಮಂತ್ರಣ ಪತ್ರದಲ್ಲಿ ಗೃಹಪ್ರವೇಶ ಎಂದು ಅಚ್ಚುಹಾಕಿಸುತ್ತೇವೆ. ಒಂದೇ ಅರ್ಥದ ಎರಡು ಪದಗಳು ಒಂದೇ ನುಡಿಯಲ್ಲಿ ಸೇರಿದರೆ ಕಾಲಕ್ರಮದಲ್ಲಿ ಅವು ಕೆಲಸವನ್ನು ಹಂಚಿಕೊಳ್ಳುತ್ತವೆ. ಫ್ರೆಂಚ್ ಭಾಷಾವಿಜ್ಞಾನಿ ಮಿಶೆಲ್ ಬ್ರೆಯಾಲ್ 1897ರಲ್ಲಿ ಪ್ರಕಟಿಸಿದ ಅರ್ಥವಿಜ್ಞಾನದ ಗ್ರಂಥದಲ್ಲಿ ಇದನ್ನು ಹಂಚಿಕೆಯ ನಿಯಮವೆಂದು ವಿವರಿಸಿದ.

ವಿವೇಚನೆಯ ಚರಿತ್ರೆ

ಹತ್ತಿರದ ಪದಗಳನ್ನು ಬೇರ್ಪಡಿಸಿ ತೋರಿಸುವ ಗ್ರಂಥಗಳ ಪರಂಪರೆ ಫ್ರಾನ್ಸಿನಲ್ಲಿ ಗಟ್ಟಿಯಾಯಿತು. ಅಬ್ಬೆ ಗಬ್ರಿಯೆಲ್ ಜಿರಾರ್ 1718ರಲ್ಲಿ ಫ್ರೆಂಚ್ ಸಮೀಪಾರ್ಥಕಗಳ ಬಗ್ಗೆ ಬರೆದ ಪುಸ್ತಕವನ್ನು ಮಾದರಿಯಾಗಿಟ್ಟುಕೊಂಡು ಜಾನ್ ಟ್ರಸ್ಲರ್ 1766ರಲ್ಲಿ ಇಂಗ್ಲಿಷಿಗೆ ಅಂಥದೇ ಒಂದು ಗ್ರಂಥ ರಚಿಸಿದ. 1794ರಲ್ಲಿ ‘ಬ್ರಿಟಿಷ್ ಸಿನಾನಿಮಿ’ ಬರೆದವರು ಹೆಸ್ಟರ್ ಲಿಂಚ್ ಪಿಯೋಜಿ. ಸ್ಯಾಮ್ಯುಯೆಲ್ ಜಾನ್ಸನ್ನನ ಆಪ್ತವಲಯದಲ್ಲಿದ್ದ, ಇಟಲಿಯ ಸಂಗೀತಗಾರನನ್ನು ಮದುವೆಯಾಗಿದ್ದ ಈಕೆ ಪರಭಾಷಿಕರು ಮಾತುಕತೆಯಲ್ಲಿ ಸರಿಯಾದ ಪದ ಆರಿಸಿಕೊಳ್ಳಲು ನೆರವಾಗಬೇಕೆಂಬ ಉದ್ದೇಶವಿಟ್ಟುಕೊಂಡಿದ್ದರು. 1816ರಲ್ಲಿ ಬಂದ ಜಾರ್ಜ್ ಕ್ರ್ಯಾಬನ ಗ್ರಂಥ ಅನೇಕ ಮುದ್ರಣಗಳನ್ನು ಕಂಡಿತು.

1852ರಲ್ಲಿ ವೈದ್ಯ ಪೀಟರ್ ಮಾರ್ಕ್ ರೋಜೆ ಪ್ರಕಟಿಸಿದ ‘ಥೆಸಾರಸ್’ ಹಾದಿಯನ್ನು ಬದಲಿಸಿತು. ಅದು ಪದಗಳನ್ನು 1,000 ಶೀರ್ಷಿಕೆಗಳಡಿ ಗುಂಪುಮಾಡಿತು. ಗುಂಪಿನೊಳಗಿನ ವ್ಯತ್ಯಾಸವನ್ನು ವಿವರಿಸಲಿಲ್ಲ. ಬಲ್ಲ ಪದವನ್ನು ನೆನಪಿಗೆ ತಂದುಕೊಳ್ಳಬೇಕಾದ ನುರಿತ ಬರಹಗಾರನಿಗೆ ಅದು ವರ. ಭಾಷೆಯನ್ನು ಈಗಷ್ಟೇ ಕಲಿಯುತ್ತಿರುವವರು ಅದರಿಂದ ಗುರುತಿಲ್ಲದ ಪದವನ್ನು ಆರಿಸಿಕೊಂಡರೆ ಎಡವುವ ಸಂಭವವೇ ಹೆಚ್ಚು. 20ನೇ ಶತಮಾನದಲ್ಲಿ ವಿವೇಚನೆಯ ಹಾದಿ ಮತ್ತೆ ತೆರೆಯಿತು. ಎಚ್. ಡಬ್ಲ್ಯು. ಫೌಲರನ ‘ಮಾಡರ್ನ್ ಇಂಗ್ಲಿಷ್ ಯೂಸೇಜ್’ 1926ರಲ್ಲೂ ವೆಬ್‌ಸ್ಟರ್ ಹೆಸರಿನ ಸಮಾನಾರ್ಥಕ ನಿಘಂಟು 1942ರಲ್ಲೂ ಹೊರಬಂದವು.

ವ್ಯತ್ಯಾಸದ ನೆಲೆಗಳು

ಮಾತಿನ ದಿಕ್ಕು: ಕೆಲವು ಜೋಡಿಗಳಲ್ಲಿ ಘಟನೆ ಒಂದೇ, ನೋಡುವ ಕಡೆ ಬೇರೆ. ಹಣ ಒಬ್ಬನಿಂದ ಇನ್ನೊಬ್ಬನಿಗೆ ಸಾಲವಾಗಿ ಹೋದಾಗ ಕೊಟ್ಟವನದು ‘ಲೆಂಡ್’, ಪಡೆದವನದು ‘ಬಾರೋ’. ಮಾತಾಡುವವರು ಅಥವಾ ಕೇಳುವವರು ಇರುವ ಕಡೆಗೆ ತರುವುದು ‘ಬ್ರಿಂಗ್’, ಅಲ್ಲಿಂದ ಬೇರೆಡೆಗೆ ಒಯ್ಯುವುದು ‘ಟೇಕ್’, ಹೋಗಿ ತೆಗೆದುಕೊಂಡು ಮರಳಿ ಬರುವುದು ‘ಫೆಚ್’. ನೇರವಾಗಿ ಹೇಳದೆ ಸೂಚಿಸುವುದು ‘ಇಂಪ್ಲೈ’, ಅದು ಮಾತಾಡುವವನ ಕೆಲಸ. ಸೂಚನೆಯಿಂದ ಅರ್ಥ ಊಹಿಸುವುದು ‘ಇನ್ಫರ್’, ಅದು ಕೇಳುವವನ ಕೆಲಸ. ‘ರಿಮೆಂಬರ್’ ಎಂದರೆ ತಾನೇ ನೆನೆಯುವುದು, ‘ರಿಮೈಂಡ್’ ಎಂದರೆ ಇನ್ನೊಬ್ಬರಿಗೆ ನೆನಪಿಸುವುದು.

ವಾಕ್ಯದ ಕಟ್ಟು: ‘ಟೆಲ್’ ಕ್ರಿಯಾಪದದ ಬೆನ್ನಿಗೆ ಸಾಮಾನ್ಯವಾಗಿ ಕೇಳುಗ ಬರುತ್ತಾನೆ, ‘ಸೇ’ ಪದದ ಬೆನ್ನಿಗೆ ಆಡಿದ ಮಾತು ಬರುತ್ತದೆ. ‘ಅವನು ನನಗೆ ಹೇಳಿದ’ ಎಂಬುದನ್ನು ‘ಹಿ ಸೆಡ್ ಮಿ’ ಎಂದರೆ ತಪ್ಪಾಗುವುದು ಇದರಿಂದಲೇ. ‘ಹಿ ಟೋಲ್ಡ್ ಮಿ’ ಸರಿ. ಸತ್ಯ, ಸುಳ್ಳು, ಕಥೆ ಇವುಗಳಿಗೆ ಮಾತ್ರ ಕೇಳುಗ ಇಲ್ಲದಿದ್ದರೂ ‘ಟೆಲ್’ ಒಪ್ಪುತ್ತದೆ. ‘ಸ್ಟೀಲ್’ ಪದದ ಕರ್ಮ ಕದ್ದ ವಸ್ತು, ‘ರಾಬ್’ ಪದದ ಕರ್ಮ ಕಳೆದುಕೊಂಡ ವ್ಯಕ್ತಿ ಅಥವಾ ಜಾಗ. ಬ್ಯಾಂಕನ್ನು ‘ರಾಬ್’ ಮಾಡುತ್ತಾರೆ, ಬ್ಯಾಂಕಿನ ಹಣವನ್ನು ‘ಸ್ಟೀಲ್’ ಮಾಡುತ್ತಾರೆ. ‘ಎಲ್ಡರ್’ ಮುಖ್ಯವಾಗಿ ಕುಟುಂಬದ ಹಿರಿತನಕ್ಕೆ ಸಲ್ಲುತ್ತದೆ, ಅದರ ಮುಂದೆ ‘ದ್ಯಾನ್’ ಬರುವುದಿಲ್ಲ. ಹೋಲಿಸಿ ಹೇಳಬೇಕಾದರೆ ‘ಓಲ್ಡರ್’ ಬೇಕು. ‘ಜಾಬ್’ ಎಣಿಸಬಹುದಾದ ನಾಮಪದ. ಉದ್ಯೋಗ, ದುಡಿಮೆ ಎಂಬ ಅರ್ಥದ ‘ವರ್ಕ್’ ಎಣಿಕೆಗೆ ಒಗ್ಗುವುದಿಲ್ಲ. ಹಾಗಾಗಿ ಕೆಲಸ ಸಿಕ್ಕಿತೆನ್ನಲು ‘ಎ ಜಾಬ್’ ಸರಿ, ‘ಎ ವರ್ಕ್’ ಸರಿಯಲ್ಲ.

ತೀವ್ರತೆ ಮತ್ತು ವ್ಯಾಪ್ತಿ: ‘ಅನಾಯ್ಡ್’, ‘ಆಂಗ್ರಿ’, ‘ಫ್ಯೂರಿಯಸ್’ ಎಂಬ ಮೂರರಲ್ಲಿ ಕಿರಿಕಿರಿ ಸಿಟ್ಟಾಗಿ, ಸಿಟ್ಟು ಕೆಂಡವಾಗಿ ಏರುತ್ತದೆ. ಅಪಘಾತದಲ್ಲಿ ಪೆಟ್ಟಾದವರು ‘ಇಂಜರ್ಡ್’, ಆಯುಧದಿಂದ ಗಾಯಗೊಂಡವರು ‘ವೂಂಡೆಡ್’. ಕನ್ನಡ ಪತ್ರಿಕೆಯಲ್ಲಿ ಇಬ್ಬರೂ ಗಾಯಾಳುಗಳೇ. ಇಂಗ್ಲಿಷ್ ಪತ್ರಿಕೆ ಬಸ್ಸಿನ ಅಪಘಾತಕ್ಕೆ ಮೊದಲನೆಯದನ್ನೂ ಯುದ್ಧದ ಸುದ್ದಿಗೆ ಎರಡನೆಯದನ್ನೂ ಬಳಸುತ್ತದೆ. ‘ಎನ್ವಿ’ ಇನ್ನೊಬ್ಬರಲ್ಲಿರುವುದು ತನಗಿಲ್ಲವಲ್ಲ ಎಂಬ ಸಂಕಟ. ‘ಜೆಲಸಿ’ ಪದಕ್ಕೆ ಈ ಅರ್ಥವೂ ಇದೆ. ಆದರೆ ಅದರ ವಿಶಿಷ್ಟ ಅರ್ಥ, ತನ್ನದಾಗಿರುವ ಪ್ರೀತಿ ಅಥವಾ ಸ್ಥಾನ ಇನ್ನೊಬ್ಬರ ಪಾಲಾದೀತೆಂಬ ಭಯ.

ಧೋರಣೆ: ವಸ್ತುಸ್ಥಿತಿ ಒಂದೇ ಆಗಿದ್ದರೂ ಆಡುವವರ ಮೆಚ್ಚುಗೆ ಅಥವಾ ತಿರಸ್ಕಾರ ಪದದೊಳಗೇ ಸೇರಿರುತ್ತದೆ. ‘ಥ್ರಿಫ್ಟಿ’ ಎಂದರೆ ಮೆಚ್ಚತಕ್ಕ ಮಿತವ್ಯಯ, ‘ಸ್ಟಿಂಜಿ’ ಎಂದರೆ ಜಿಪುಣತನ. ‘ಸ್ಲಿಮ್’ ಹೊಗಳಿಕೆ, ‘ಸ್ಕಿನ್ನಿ’ ಬಹುಮಟ್ಟಿಗೆ ತೆಗಳಿಕೆ. ಮಗುವಿನ ಮುಗ್ಧತೆ ಇದ್ದರೆ ‘ಚೈಲ್ಡ್‌ಲೈಕ್’, ದೊಡ್ಡವರಾಗಿಯೂ ಹುಡುಗಾಟಿಕೆ ಬಿಡದಿದ್ದರೆ ‘ಚೈಲ್ಡಿಶ್’. ಒಳ್ಳೆಯದಕ್ಕೆ ಹೆಸರಾದವರು ‘ಫೇಮಸ್’, ಕೆಟ್ಟದ್ದಕ್ಕೆ ಹೆಸರಾದವರು ‘ನಟೋರಿಯಸ್’. ಕನ್ನಡದಲ್ಲಿ ಪ್ರಖ್ಯಾತ, ಕುಖ್ಯಾತ ಎಂದಂತೆ. ಸನ್ಮಾನ ಪತ್ರದಲ್ಲಿ ಇವು ಅದಲುಬದಲಾದರೆ ಆಗುವ ನೋವು ವ್ಯಾಕರಣದ ತಪ್ಪಿನಿಂದ ಆಗುವುದಕ್ಕಿಂತ ದೊಡ್ಡದು.

ಜೊತೆಪದ: ಕೆಲವು ವ್ಯತ್ಯಾಸಗಳಿಗೆ ತರ್ಕದ ಕಾರಣವಿಲ್ಲ, ರೂಢಿಯೇ ಕಾರಣ. ಪದದ ಅರ್ಥದ ಒಂದು ಪಾಲು ಅದು ಯಾವ ಪದಗಳೊಡನೆ ಬರುತ್ತದೆ ಎಂಬುದರಲ್ಲಿದೆ ಎಂದು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1950ರ ದಶಕದಲ್ಲಿ ಪ್ರತಿಪಾದಿಸಿದರು. ಅವರ ಶಿಷ್ಯ ಎಂ. ಎ. ಕೆ. ಹ್ಯಾಲಿಡೆ ಕೊಟ್ಟ ಉದಾಹರಣೆ ಪ್ರಸಿದ್ಧ: ಚಹಾ ‘ಸ್ಟ್ರಾಂಗ್’ ಆಗಿರುತ್ತದೆ, ಕಾರು ‘ಪವರ್‌ಫುಲ್’ ಆಗಿರುತ್ತದೆ, ತಿರುಗಿಸಿ ಹೇಳಿದರೆ ಕಿವಿಗೆ ಒಪ್ಪುವುದಿಲ್ಲ. ಮನುಷ್ಯ ಮತ್ತು ಮರ ‘ಟಾಲ್’, ಬೆಲೆ ಮತ್ತು ಉಷ್ಣತೆ ‘ಹೈ’. ಜೋರುಮಳೆಗೆ ‘ಹೆವಿ’, ಜೋರುಗಾಳಿಗೆ ‘ಸ್ಟ್ರಾಂಗ್’. ಅಣ್ಣ ‘ಬಿಗ್ ಬ್ರದರ್’ ಆಗುತ್ತಾನೆ, ‘ಲಾರ್ಜ್ ಬ್ರದರ್’ ಆಗುವುದಿಲ್ಲ.

ಸಂದರ್ಭ ಮತ್ತು ಪ್ರದೇಶ: ‘ಬಿಗಿನ್’ ಎಲ್ಲೆಡೆ ಸಲ್ಲುವ ಪದ, ‘ಕಮೆನ್ಸ್’ ಔಪಚಾರಿಕ. ಗೆಳೆಯನಿಗೆ ಬರೆಯುವ ಪತ್ರದಲ್ಲಿ ಎರಡನೆಯದು ಭಾರವೆನಿಸುತ್ತದೆ, ಸರ್ಕಾರಿ ಪ್ರಕಟಣೆಯಲ್ಲಿ ಸಹಜವೆನಿಸುತ್ತದೆ. ಕೆಲವು ದಿನಗಳಿಗೆ ಕಾರು ಪಡೆಯುವುದು ಬ್ರಿಟನ್ನಿನಲ್ಲಿ ‘ಹೈರ್’, ಅಮೆರಿಕದಲ್ಲಿ ‘ರೆಂಟ್’. ಅಮೆರಿಕದಲ್ಲಿ ‘ಹೈರ್’ ಎಂದರೆ ಸಾಮಾನ್ಯವಾಗಿ ನೌಕರಿಗೆ ತೆಗೆದುಕೊಳ್ಳುವುದು. ಹುಷಾರಿಲ್ಲದವನನ್ನು ಅಮೆರಿಕದವರು ‘ಸಿಕ್’ ಎನ್ನುವ ಕಡೆ ಬ್ರಿಟಿಷರು ಹೆಚ್ಚಾಗಿ ‘ಇಲ್’ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ‘ಬೀಯಿಂಗ್ ಸಿಕ್’ ಎಂದರೆ ವಾಂತಿಮಾಡುವುದು ಎಂಬ ಅರ್ಥವೂ ಬರುತ್ತದೆ.

ಕಾನೂನು ಮತ್ತು ವಿಜ್ಞಾನದಲ್ಲಿ

ದಿನದ ಮಾತಿನಲ್ಲಿ ಸಡಿಲವಾಗಿರುವ ಭೇದ ಕಾನೂನಿನಲ್ಲಿ ಬಿಗಿಯಾಗುತ್ತದೆ. 1860ರ ಭಾರತೀಯ ದಂಡ ಸಂಹಿತೆ ‘ಥೆಫ್ಟ್’, ‘ಎಕ್ಸ್‌ಟಾರ್ಷನ್’, ‘ರಾಬರಿ’, ‘ಡಕಾಯ್ಟಿ’ ಪದಗಳನ್ನು ಒಂದೊಂದಾಗಿ ವ್ಯಾಖ್ಯಾನಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದೇ ವಿಂಗಡಣೆಯನ್ನು ಉಳಿಸಿಕೊಂಡಿದೆ. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಚರ ಸ್ವತ್ತನ್ನು ಅಪ್ರಾಮಾಣಿಕವಾಗಿ ಒಯ್ಯುವುದು ಮೊದಲನೆಯದು. ಹೆದರಿಸಿ ಅವರೇ ಕೊಡುವಂತೆ ಮಾಡುವುದು ಎರಡನೆಯದು. ಈ ಎರಡರಲ್ಲಿ ಯಾವುದೇ ಆದರೂ ಹಿಂಸೆ ಅಥವಾ ತತ್‌ಕ್ಷಣದ ಹಿಂಸೆಯ ಭಯ ಸೇರಿದರೆ ಮೂರನೆಯದು. ಐವರು ಅಥವಾ ಹೆಚ್ಚು ಜನ ಕೂಡಿ ಮಾಡಿದರೆ ನಾಲ್ಕನೆಯದು. ಅದು ಭಾರತದ ನುಡಿಯಿಂದಲೇ ಇಂಗ್ಲಿಷಿಗೆ ಹೋದ ಪದ. ಹಾಗೆಯೇ ‘ಕಲ್ಪಬಲ್ ಹೋಮಿಸೈಡ್’ ಎಲ್ಲವೂ ‘ಮರ್ಡರ್’ ಅಲ್ಲ. ಹಳೆಯ ಸಂಹಿತೆಯ 299 ಮತ್ತು 300ನೇ ಕಲಮುಗಳು, ಹೊಸದರ 100 ಮತ್ತು 101ನೇ ಕಲಮುಗಳು ಈ ಗಡಿಯನ್ನು ಗುರುತಿಸುತ್ತವೆ. ಆರೋಪಿಗೆ ಆಗುವ ಶಿಕ್ಷೆ ಈ ಗಡಿಯ ಯಾವ ಬದಿಯಲ್ಲಿ ಕೃತ್ಯ ಬೀಳುತ್ತದೆ ಎಂಬುದನ್ನು ಅವಲಂಬಿಸಿದೆ.

ವಿಜ್ಞಾನದಲ್ಲೂ ಹೀಗೆಯೇ. ‘ಮಾಸ್’ ವಸ್ತುವಿನ ದ್ರವ್ಯರಾಶಿ, ‘ವೇಟ್’ ಅದರ ಮೇಲೆ ಗುರುತ್ವ ಬೀರುವ ಬಲ. ಚಂದ್ರನ ಮೇಲೆ ಎರಡನೆಯದು ಭೂಮಿಯಲ್ಲಿದ್ದುದರ ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ, ಮೊದಲನೆಯದು ಬದಲಾಗುವುದಿಲ್ಲ. ಇಂದಿನ ಮಳೆ ಬಿಸಿಲು ‘ವೆದರ್’. ಒಂದು ಪ್ರದೇಶದ ದೀರ್ಘಾವಧಿಯ ಸರಾಸರಿ ಸ್ವರೂಪ ‘ಕ್ಲೈಮೇಟ್’, ಅದನ್ನು ಅಳೆಯಲು ಸಾಮಾನ್ಯವಾಗಿ 30 ವರ್ಷಗಳ ಅವಧಿಯನ್ನು ಪರಿಗಣಿಸುತ್ತಾರೆ. ಒಂದು ದಿನದ ಚಳಿಯನ್ನು ತೋರಿಸಿ ಭೂಮಿ ಬಿಸಿಯಾಗುತ್ತಿಲ್ಲ ಎಂದು ವಾದಿಸುವವರು ಈ ಎರಡು ಪದಗಳನ್ನು ಬೆರೆಸಿರುತ್ತಾರೆ. ತಕ್ಕಡಿ ಪ್ರತಿಸಲವೂ ಒಂದೇ ತೂಕ ತೋರಿಸಿದರೆ ಅದಕ್ಕೆ ‘ಪ್ರಿಸಿಷನ್’ ಇದೆ. ಆ ತೂಕ ನಿಜವೂ ಆಗಿದ್ದರೆ ಮಾತ್ರ ‘ಅಕ್ಯುರಸಿ’ ಇದೆ.

ಕನ್ನಡದಿಂದ ಇಂಗ್ಲಿಷಿಗೆ ಬರುವಾಗ

ಕನ್ನಡ ಮಾತೃಭಾಷೆಯವರು ಎಡವುವ ಜಾಗಗಳಿಗೆ ಒಂದು ಕ್ರಮವಿದೆ. ಕನ್ನಡ ಒಂದೇ ಪದದಲ್ಲಿ ಹಿಡಿದಿಟ್ಟಿರುವುದನ್ನು ಇಂಗ್ಲಿಷ್ ಎರಡು ಮೂರಾಗಿ ಒಡೆಯುವ ಕಡೆಗಳಲ್ಲಿ ತಪ್ಪು ಸಹಜ. ‘ಕೇಳು’ ಇದಕ್ಕೆ ಒಳ್ಳೆಯ ನಿದರ್ಶನ. ಪ್ರಶ್ನೆ ಕೇಳುವುದು ‘ಆಸ್ಕ್’, ಸದ್ದು ತಾನಾಗಿ ಕಿವಿಗೆ ಬೀಳುವುದು ‘ಹಿಯರ್’, ಮನಸ್ಸಿಟ್ಟು ಆಲಿಸುವುದು ‘ಲಿಸನ್’. ‘ನೋಡು’ ಕೂಡ ಹೀಗೆಯೇ: ಕಣ್ಣಿಗೆ ಬೀಳುವುದು ‘ಸೀ’, ಕಣ್ಣು ಹಾಯಿಸುವುದು ‘ಲುಕ್’, ಚಲಿಸುವ ಅಥವಾ ಬದಲಾಗುವ ಸಂಗತಿಯನ್ನು ಗಮನವಿಟ್ಟು ನೋಡುವುದು ‘ವಾಚ್’. ಎರಡೂ ಗುಂಪುಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇದು ತಾನಾಗಿ ಆದದ್ದೋ, ಇಚ್ಛೆಯಿಂದ ಮಾಡಿದ್ದೋ?

‘ನೆರಳು’ ಎಂಬುದಕ್ಕೆ ‘ಶೇಡ್’ ಮತ್ತು ‘ಶ್ಯಾಡೋ’ ಇವೆ. ಬಿಸಿಲಿನಿಂದ ತಪ್ಪಿಸಿಕೊಳ್ಳಲು ನಿಲ್ಲುವ ತಂಪಾದ ಜಾಗ ಮೊದಲನೆಯದು, ನೆಲದ ಮೇಲೆ ಬಿದ್ದ ಆಕಾರ ಎರಡನೆಯದು. ಇವೆರಡೂ ಹಳೆಯ ಇಂಗ್ಲಿಷಿನ ಒಂದೇ ನಾಮಪದದ ಬೇರೆ ಬೇರೆ ವಿಭಕ್ತಿರೂಪಗಳಿಂದ ಬಂದವು. ‘ಬೇಸರ’ ಇನ್ನೂ ವಿಶಾಲ: ಹೊತ್ತು ಹೋಗದಿದ್ದರೆ ‘ಬೋರ್ಡ್’, ಮನಸ್ಸಿಗೆ ನೋವಾದರೆ ‘ಸ್ಯಾಡ್’ ಅಥವಾ ‘ಹರ್ಟ್’, ಒಂದೇ ಕೆಲಸ ಮಾಡಿ ಸಾಕಾಗಿದ್ದರೆ ‘ಟಯರ್ಡ್’. ‘ನಿರೀಕ್ಷಿಸು’ ಎಂಬಲ್ಲಿ ಆಗುತ್ತದೆಂದು ನಂಬಿರುವುದು ‘ಎಕ್ಸ್‌ಪೆಕ್ಟ್’, ಬರುವ ತನಕ ಕಾಯುವುದು ‘ವೇಟ್’, ಆಗಲಿ ಎಂದು ಹಾರೈಸುವುದು ‘ಹೋಪ್’. ಭಾರತೀಯ ತರಗತಿಗಳಲ್ಲಿ ವಿದ್ಯಾರ್ಥಿಗಳು ಪ್ರಶ್ನೆಯಿದೆ ಎನ್ನಲು ‘ಡೌಟ್’ ಎನ್ನುವುದು ‘ಸಂದೇಹ’ದಂಥ ಪದಗಳ ಪ್ರಭಾವ. ಬ್ರಿಟನ್, ಅಮೆರಿಕಗಳಲ್ಲಿ ಅದು ಹೇಳಿದ್ದನ್ನು ನಂಬಲು ಹಿಂಜರಿಯುವ ಅರ್ಥ ಕೊಡುವುದರಿಂದ ಅಲ್ಲಿನ ಅಧ್ಯಾಪಕರಿಗೆ ತಪ್ಪಾಗಿ ಕೇಳಿಸಬಹುದು. ‘ಐತಿಹಾಸಿಕ’ ಪದವೂ ಎರಡಾಗುತ್ತದೆ: ಚರಿತ್ರೆಗೆ ಸಂಬಂಧಿಸಿದ ಎಲ್ಲವೂ ‘ಹಿಸ್ಟಾರಿಕಲ್’, ಚರಿತ್ರೆಯಲ್ಲಿ ಮಹತ್ವದ್ದಾದುದು ‘ಹಿಸ್ಟಾರಿಕ್’.

ಇದರಿಂದ ಕನ್ನಡ ಬಡವಾದ ನುಡಿ ಎಂದು ತೀರ್ಮಾನಿಸುವುದು ತಪ್ಪು. ಭತ್ತ, ಅಕ್ಕಿ, ಅನ್ನ ಎಂದು ನಾವು ಬಿಡಿಸಿ ಹೇಳುವಲ್ಲಿ ಇಂಗ್ಲಿಷಿನ ‘ರೈಸ್’ ಮೂರಕ್ಕೂ ನಿಲ್ಲಬಲ್ಲದು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರೂ ಅಲ್ಲಿ ‘ಅಂಕಲ್’. ಯಾವ ಸಂಗತಿಯನ್ನು ಒಡೆದು ನೋಡಬೇಕು ಎಂಬುದನ್ನು ಪ್ರತಿಯೊಂದು ನುಡಿಯೂ ತನ್ನ ಜನರ ಬದುಕಿನಿಂದ ಕಲಿತಿದೆ.

ವಿವಾದಿತ ಭೇದಗಳು

ಎಲ್ಲ ಭೇದಗಳೂ ಸಮಾನವಾಗಿ ದೃಢವಲ್ಲ. ಕೆಲವು ಜನರ ಬಳಕೆಯಿಂದ ಬೆಳೆದವು, ಕೆಲವು ವ್ಯಾಕರಣಕಾರರು ಹೇರಿದವು. ಎಣಿಸಬಹುದಾದವಕ್ಕೆ ‘ಫ್ಯೂವರ್’, ಎಣಿಸಲಾಗದ್ದಕ್ಕೆ ‘ಲೆಸ್’ ಎಂಬ ನಿಯಮದ ಮೂಲ 1770ರಲ್ಲಿ ರಾಬರ್ಟ್ ಬೇಕರ್ ಬರೆದ ಪುಸ್ತಕದಲ್ಲಿದೆ. ಅಲ್ಲಿ ಅದು ಲೇಖಕನ ವೈಯಕ್ತಿಕ ಅಭಿರುಚಿಯಾಗಿತ್ತು. ಅದಕ್ಕೆ ಬಹಳ ಹಿಂದೆ, 9ನೇ ಶತಮಾನದ ಆಲ್ಫ್ರೆಡ್ ದೊರೆಯ ಬರಹದಲ್ಲೇ ಎಣಿಸಬಹುದಾದವಕ್ಕೆ ‘ಲೆಸ್’ ಬಳಕೆಯಾಗಿದೆ. ಆದರೂ ನಿಯಮ ಬೇರುಬಿಟ್ಟಿದೆ. ಬ್ರಿಟನ್ನಿನ ಟೆಸ್ಕೊ ಮಳಿಗೆಗಳು ‘10 ಐಟಮ್ಸ್ ಆರ್ ಲೆಸ್’ ಎಂಬ ಫಲಕದ ಬಗ್ಗೆ ಆಕ್ಷೇಪ ಎದ್ದಾಗ 2008ರಲ್ಲಿ ‘ಅಪ್ ಟು 10 ಐಟಮ್ಸ್’ ಎಂದು ಬದಲಿಸಲು ನಿರ್ಧರಿಸಿದವು.

ಇಬ್ಬರಿಗೆ ‘ಬಿಟ್ವೀನ್’, ಹೆಚ್ಚು ಜನರಿಗೆ ‘ಅಮಂಗ್’ ಎಂಬ ಪಾಠ ಪೂರ್ತಿ ಸರಿಯಲ್ಲ. ಮೊದಲನೆಯದು ಹಿಂದಿನಿಂದಲೂ ಎರಡಕ್ಕಿಂತ ಹೆಚ್ಚಿನದಕ್ಕೆ ಸಂದಿದೆ ಎಂದು ಆಕ್ಸ್‌ಫರ್ಡ್ ನಿಘಂಟು ದಾಖಲಿಸಿದೆ. ಬೇರೆ ಬೇರೆಯಾಗಿ ಗುರುತಿಸಬಹುದಾದ ಮೂರು ದೇಶಗಳ ಒಪ್ಪಂದಕ್ಕೂ ‘ಬಿಟ್ವೀನ್’ ಸಹಜ. ‘ಡಿಸಿಂಟರೆಸ್ಟೆಡ್’ ಎಂದರೆ ನಿಷ್ಪಕ್ಷಪಾತ, ‘ಅನಿಂಟರೆಸ್ಟೆಡ್’ ಎಂದರೆ ಆಸಕ್ತಿಯಿಲ್ಲದ ಎಂಬ ಭೇದವನ್ನು ಶಿಷ್ಟ ಬರಹ ಇಂದು ಬಯಸುತ್ತದೆ. 17ನೇ ಶತಮಾನದಲ್ಲಿ ಮೊದಲನೆಯದು ಆಸಕ್ತಿಯಿಲ್ಲದ ಎಂಬ ಅರ್ಥದಲ್ಲೂ ಬಳಕೆಯಲ್ಲಿತ್ತು. ಕಲಿಯುವವರು ಇಂಥ ನಿಯಮಗಳನ್ನು ಪರೀಕ್ಷೆಗೂ ಔಪಚಾರಿಕ ಬರಹಕ್ಕೂ ಪಾಲಿಸುವುದು ವಿವೇಕ. ಮಾತಿನಲ್ಲಿ ಅವನ್ನು ಮೀರಿದವರನ್ನು ಅಜ್ಞಾನಿಗಳೆಂದು ಭಾವಿಸುವುದು ವಿವೇಕವಲ್ಲ.

ಆಧುನಿಕ ಸಾಧನಗಳು

ಭೇದಗಳನ್ನು ಪಂಡಿತರ ಅಭಿರುಚಿಯ ಬದಲು ಬಳಕೆಯ ಸಾಕ್ಷ್ಯದಿಂದ ನಿರ್ಣಯಿಸಲು ದಾರಿಯಾದದ್ದು ಕಂಪ್ಯೂಟರಿನಲ್ಲಿ ಕೂಡಿಟ್ಟ ಪಠ್ಯಭಂಡಾರಗಳಿಂದ. 1960ರ ದಶಕದಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯ ಸಿದ್ಧಪಡಿಸಿದ ಭಂಡಾರದಲ್ಲಿ ಸುಮಾರು 10 ಲಕ್ಷ ಪದಗಳಿದ್ದವು. 1994ರಲ್ಲಿ ಪೂರ್ಣಗೊಂಡ ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ ಸುಮಾರು 10 ಕೋಟಿ. ಬರ್ಮಿಂಗ್‌ಹ್ಯಾಮ್‌ನ ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು ನಿಜವಾದ ಬಳಕೆಯನ್ನೇ ಆಧಾರವಾಗಿಟ್ಟುಕೊಂಡು ಅರ್ಥ ಬರೆಯಿತು. ಇಂಥ ಭಂಡಾರಗಳನ್ನು ಶೋಧಿಸಿದಾಗ ವ್ಯಾಕರಣ ಪುಸ್ತಕಗಳ ಗಮನಕ್ಕೆ ಬಾರದ ಸಂಗತಿಗಳು ಕಂಡವು. ಉದಾಹರಣೆಗೆ ‘ಕಾಸ್’ ಎಂಬ ಕ್ರಿಯಾಪದ ಬಹುಪಾಲು ಹಾನಿ, ಸಮಸ್ಯೆ, ರೋಗ, ಅಪಘಾತಗಳ ಜೊತೆಯಲ್ಲೇ ಬರುತ್ತದೆ. ಸಂತೋಷಕ್ಕೆ ಕಾರಣವಾಯಿತು ಎನ್ನಲು ಅದನ್ನು ಬಳಸಿದರೆ ಒಗ್ಗದೆ ಉಳಿಯುವುದಕ್ಕೆ ಇದೇ ಕಾರಣ.

ಕನ್ನಡದಲ್ಲಿ ದ್ವಿಭಾಷಾ ನಿಘಂಟುಗಳ ಪರಂಪರೆ ದೊಡ್ಡದು. ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮೈಸೂರು ವಿಶ್ವವಿದ್ಯಾಲಯ ಇಂಗ್ಲಿಷ್–ಕನ್ನಡ ನಿಘಂಟನ್ನು ಹೊರತಂದಿತು. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಪ್ರಶ್ನೆಗಳಿಗೆ ಉತ್ತರಿಸುತ್ತ ಅರ್ಥವಿವೇಚನೆಯನ್ನು ಮನೆಮನೆಗೆ ತಲುಪಿಸಿದರು. ಇಂಗ್ಲಿಷ್ ಪದಕ್ಕೆ ಕನ್ನಡದ ಸಮಪದಗಳನ್ನು ಜೋಡಿಸುವಷ್ಟಕ್ಕೇ ನಿಂತ ನಿಘಂಟು ‘ಎನ್ವಿ’ಗೂ ‘ಜೆಲಸಿ’ಗೂ ಅಸೂಯೆ, ಹೊಟ್ಟೆಕಿಚ್ಚು ಎಂದೇ ಕೊಟ್ಟು ವಿದ್ಯಾರ್ಥಿಯನ್ನು ಮೊದಲಿನ ಗೊಂದಲದಲ್ಲೇ ಬಿಡುತ್ತದೆ. ಪ್ರತಿ ಜೋಡಿಗೆ ಒಂದೊಂದು ಉದಾಹರಣೆ ವಾಕ್ಯ, ಜೊತೆಗೆ ಬರುವ ಪದಗಳು, ಧೋರಣೆಯ ಸೂಚನೆ ಇವಿಷ್ಟನ್ನು ಕನ್ನಡದಲ್ಲೇ ವಿವರಿಸುವ ಟಿಪ್ಪಣಿಗಳು ನಮ್ಮ ನಿಘಂಟುಗಳಲ್ಲೂ ಪಠ್ಯಪುಸ್ತಕಗಳಲ್ಲೂ ಹೆಚ್ಚಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಬಳಸಬೇಕಾದ ಮಕ್ಕಳಿಗೆ ಇನ್ನಷ್ಟು ಪದಗಳ ಪಟ್ಟಿಗಿಂತ ಅಂಥ ಟಿಪ್ಪಣಿಗಳಿಂದ ಹೆಚ್ಚು ಪ್ರಯೋಜನವಿದೆ.